ಬಿಚ್ಚಲು ಮರೆತ ಬೆಲ್ಟ್

ಮಾರ್ಚ್ ೧೧, ಮಂಗಳವಾರ

ನಿದ್ದೆ ಹತ್ತಿರ ಸುಳಿಯುತ್ತಿಲ್ಲ. ಇವತ್ತು ಆಪರೇಷನ್ ಮುಗಿದ ಮೇಲೆ ನನ್ನ ಸಂಶೋಧನೆಗೆಂದು ಸರ್ಜನ್ ಮೇಡಂ ಅವರ ಎದೆಗೆ ಕಟ್ಟಿದ್ದ, ಹೃದಯದ ಬಡಿತ ಅಳೆಯುವ ಬೆಲ್ಟನ್ನು ಬಿಚ್ಚಿಸಲು ಮರೆತೆ. ಒಳಗೆ ರಕ್ತ ಚಿಮ್ಮಿದಾಗಲೂ ಅಲುಗದ ಬಡಿತದ ಗೆರೆ ಗ್ರಾಫಿನಲ್ಲಿ ಜಿಗಿದದ್ದು ಹೊರಗೆ ಕಾರಿಡಾರಿನಲ್ಲಿ, ಕಾಯುತ್ತಿದ್ದ ತಾಯಿಗೆ ಮೇಡಂ "ಮಗಳು ಹುಷಾರಾಗಿದ್ದಾಳೆ" ಅನ್ನುವ ಮೊದಲು. ಒಳ್ಳೆಯ ಸುದ್ದಿಗೇ ಇಷ್ಟು.

ಸಂಜೆ ಫೋನ್ ಮಾಡಿ ಕೇಳಿದೆ. "ಹೊರಗೆ ಕಾಯ್ತಿರೋರು ನನ್ನ ಮುಖ ನೋಡ್ತಾ ಎದ್ದು ನಿಲ್ತಾರಲ್ಲ, ಪ್ರತಿ ಸಲ ಹೀಗೇ ಕಣ್ರೀ," ಅಂದರು ಮೇಡಂ. "ಅದನ್ನ ಬರೀಬೇಡಿ."

ಗೈಡ್ ಸರ್‌ಗೆ ಹೇಳಿದರೆ, "ಆಪರೇಷನ್ ಮುಗಿದ ಮೇಲಿಂದು ಲೆಕ್ಕಕ್ಕಿಲ್ಲಮ್ಮ, ಕತ್ತರಿಸಿ ಬಿಸಾಕು."

ಎದ್ದು ನೀರು ಕುಡಿದು ಬಂದೆ. ಮತ್ತೆ ಅದೇ ಗೆರೆ.

ಎರಡು ವರ್ಷದಿಂದ, ಇವತ್ತಿನ ತನಕ, ಒಂದು ದಿನವೂ ಮರೆಯದೆ, ಮೇಡಂ ಕಾರಿಡಾರಿಗೆ ಹೋಗುವ ಮೊದಲೇ, ಥಿಯೇಟರಿನ ಬಾಗಿಲ ಒಳಗೇ ಬೆಲ್ಟ್ ಬಿಚ್ಚಿಸಿದ್ದೇನೆ. ಎಂಥ ಅಚ್ಚುಕಟ್ಟು ಕೆಲಸ ನನ್ನದು.