ನಿನ್ನ ಕೋವಿಯಿಂದ ಕದ್ದ ತೂಕ

ಲೋವ್ರೊ, ನನ್ನ ಹಟಮಾರಿ ಗೆಳೆಯಾ,

ನಿನ್ನ ಮನೆಗೂ ನನ್ನ ಕೋವಿ ರಿಪೇರಿ ಅಂಗಡಿಗೂ ನಡುವೆ ಇರುವುದು ಒಂದು ಸೇತುವೆ, ಒಂದು ಚರ್ಚು, ಅಷ್ಟೆ. ಆದರೂ ಕಾಗದ ಬರೆಯುತ್ತಿದ್ದೇನೆ. ನಲವತ್ತೊಂದು ವರ್ಷದಲ್ಲಿ ನಾನು ನಿನಗೆ ಬರೆದದ್ದು "ಕೋವಿ ರೆಡಿ ಇದೆ, ಬಂದು ತಗೊಂಡು ಹೋಗು" ಅನ್ನುವ ಚೀಟಿಗಳನ್ನು ಮಾತ್ರ. ಎದುರು ನಿಂತು ಹೇಳೋಣವೆಂದು ಮೊನ್ನೆ ಸೇತುವೆ ದಾಟಿದ್ದೆ. ನೀನು ಅಂಗಳದಲ್ಲಿ ಸೌದೆ ಒಟ್ಟುತ್ತಿದ್ದೆ. ನಾಲ್ಕು ತುಂಡಿಗೊಮ್ಮೆ ನಿಂತು ಗೋಡೆ ಹಿಡಿದುಕೊಂಡು ಉಸಿರೆಳೆಯುತ್ತಿದ್ದೆ. ನೋಡಿ ಹಿಂದಿರುಗಿದೆ. ನಾನು ಹೇಳುವುದನ್ನು ಕೇಳಿದರೆ ನೀನು ಕೂಗಾಡುತ್ತೀ, ಕೂಗಾಡಿದರೆ ಕೆಮ್ಮು ಹತ್ತುತ್ತದೆ, ಕೆಮ್ಮು ಹತ್ತಿದರೆ ನಿನ್ನ ಮನೆಯಾಕೆ ಪಾವ್ಲಾ ನನ್ನನ್ನು ಹೊರಗೆ ಹಾಕುತ್ತಾಳೆ, ಅರ್ಧ ಮಾತು ನನ್ನ ಹೊಟ್ಟೆಯಲ್ಲೇ ಉಳಿಯುತ್ತದೆ. ಕಾಗದದ ಮೇಲೆ ಎಷ್ಟು ಬೇಕಾದರೂ ಕೂಗಾಡು. ಆದರೆ ಪೂರ್ತಿ ಓದಿದ ಮೇಲೆಯೇ ಒಲೆಗೆ ಹಾಕು.

ಭಾನುವಾರ ನಮ್ಮ ಬೇಟೆಗಾರರ ಕೂಟ ಸೇರುತ್ತದೆ. ನೀನು ಸದಸ್ಯತ್ವದ ಕಾರ್ಡನ್ನು ಮುಖ್ಯಸ್ಥ ಸ್ರೆಚ್ಕೊನ ಮುಂದಿಟ್ಟು ಎದ್ದುಬಿಡುತ್ತೀ ಎಂದು ಊರಿಗೆಲ್ಲ ಗೊತ್ತು. ಕಾರಣವೂ ಗೊತ್ತು. ಅಕ್ಟೋಬರಿನಲ್ಲಿ ಬಿಳಿಗೋಡೆ ಬೆಟ್ಟದ ಬಂಡೆಗಳ ಕೆಳಗೆ ನಿನ್ನ ಗುಂಡು ಮುದಿ ಗಾಮ್ಸ್ ಕಾಡುಮೇಕೆಯ ಎದೆಗೆ ಬೀಳದೆ ಹಿಂಗಾಲಿಗೆ ಬಿತ್ತು. ಮೂರನೆಯ ದಿನ ನೀನು ಅಂಗಡಿಗೆ ಬಂದು ಕೋವಿಯನ್ನು ನನ್ನ ಮೇಜಿನ ಮೇಲಿಟ್ಟೆ. "ಕಣ್ಣು ಹೋಯ್ತು, ಕೈಯೂ ಹೋಯ್ತು ಕಣೋ. ಇದನ್ನ ಮಾರು, ಇಲ್ಲ ಗೋಡೆಗೆ ನೇತುಹಾಕು. ನನ್ ಕಣ್ಣಿಗೆ ಮಾತ್ರ ಬೀಳಿಸ್ಬೇಡ" ಎಂದೆ. ನಾನು ಅದನ್ನೆತ್ತಿ ಗೋಡೆಯ ಮೊಳೆಗೆ ನೇತುಹಾಕಿದೆ. ಬಾಯಿ ಬಿಡಬೇಕಾಗಿದ್ದದ್ದು ಆಗಲೇ.

ನಿನ್ನ ಕಣ್ಣು ಹೋಗಿಲ್ಲ ಲೋವ್ರೊ. ಕೈಯೂ ಸರಿಯಾಗಿಯೇ ಇದೆ. ಆ ಗುಂಡನ್ನು ಕೆಡಿಸಿದವನು ನಾನು.

ಆರು ವರ್ಷದ ಹಿಂದಿನ ಮಾತು. ಕ್ವಾರಿಯ ಕಲ್ಲುಧೂಳು ನಿನ್ನ ಎದೆಯೊಳಗೆ ಕೂತಿದೆ ಎಂದು ಡಾಕ್ಟರು ಹೇಳಿದ ಚಳಿಗಾಲ. ಪಾವ್ಲಾ ಒಂದು ದಿನ ಮಾರುಕಟ್ಟೆಗೆಂದು ಹೊರಟು ನೇರ ನನ್ನ ಅಂಗಡಿಗೆ ಬಂದಳು. ಕೈಚೀಲವನ್ನು ಕೆಳಗಿಡಲೂ ಇಲ್ಲ. "ಯೆರ್ನೇಯ್, ಅವರನ್ನ ಬೆಟ್ಟಕ್ಕೆ ಹೋಗ್ಬೇಡಿ ಅನ್ನೋಕೆ ನನ್ ಕೈಲಾಗಲ್ಲ. ಹೋಗದೆ ಇದ್ರೆ ಆ ಮನುಷ್ಯ ಕುರ್ಚೀಲೇ ಒಣಗಿ ಹೋಗ್ತಾರೆ. ಆ ಕಬ್ಬಿಣದ ಭಾರ ಏನಾದ್ರೂ ಒಂಚೂರು ಕಡ್ಮೆ ಮಾಡಕ್ಕಾಗುತ್ತಾ ನೋಡು. ಅವರಿಗೆ ಗೊತ್ತಾಗ್ಬಾರ್ದು ಅಷ್ಟೆ" ಎಂದಳು. ಅವಳ ಮೇಲೆ ರೇಗಬೇಡ. ಅವಳು ಕೇಳಿದ್ದು ಒಂಚೂರು. ಅಷ್ಟಕ್ಕೇ ನಿಲ್ಲದವನು ನಾನು.

ಗೊತ್ತಾಗಬಾರದು ಎಂದು ಅವಳು ಯಾಕೆ ಹೇಳಿದಳೆಂದು ಕೇಳುವ ಅಗತ್ಯವೇ ನನಗಿರಲಿಲ್ಲ. ನಮ್ಮ ಕಣಿವೆಯಲ್ಲಿ ಕೋವಿ ಬೇರೆಯವನ ಹೆಗಲೇರಿದ ದಿನವೇ ಬೇಟೆಗಾರ ಅತಿಥಿಯಾಗುತ್ತಾನೆ. ಬೆಟ್ಟದ ಗುಡಿಸಲಿನಲ್ಲಿ ಅವನಿಗೆ ಒಲೆಯ ಪಕ್ಕದ ಜಾಗ, ಮೊದಲ ಲೋಟ ಬ್ರಾಂದಿ, ಎಲ್ಲರಿಂದ ಮೆತ್ತನೆಯ ಮಾತು. ಆ ಮರ್ಯಾದೆ ಸಿಕ್ಕ ಮುದುಕರ ಮುಖವನ್ನು ನಾವಿಬ್ಬರೂ ನೋಡಿದ್ದೇವೆ. ಹಗುರ ಮಾಡಿದ ಕೋವಿಯೂ ಹೆಚ್ಚುಕಡಿಮೆ ಅದೇ ಲೆಕ್ಕ ಎಂದು ನೀನೇ ಎಷ್ಟು ಸಲ ಹೇಳಿಲ್ಲ? ಪೇಟೆಯಿಂದ ಬರುವ ಬೇಟೆಗಾರರ ಪ್ಲಾಸ್ಟಿಕ್ ಹಿಡಿಯ ಕೋವಿಗಳನ್ನು ನೋಡಿ "ಇದೇನು ಕೊಡೆಯಾ ಸ್ವಾಮಿ? ಮಳೆ ಬಂದ್ರೆ ಬಿಚ್ತೀರಾ?" ಎಂದು ಅವರ ಎದುರಿಗೇ ಕೇಳಿದವನು ನೀನು.

ನನಗೆ ಇಪ್ಪತ್ತೇಳು ವರ್ಷವಿದ್ದಾಗ ನಡೆದದ್ದು ನಿನಗೆ ನೆನಪಿದೆಯೋ ಇಲ್ಲವೋ. ಮೊದಲ ಹಿಮ ಬಿದ್ದಿತ್ತು. ಕೆಳಗಿಳಿಯುವಾಗ ಜಾರಿ ನನ್ನ ಕಣಕಾಲು ಮುರಿಯಿತು. ಗುಡಿಸಲಿಗೆ ಎರಡು ಗಂಟೆಯ ದಾರಿ. ನೀನು ನಿನ್ನ ಕೋವಿಯನ್ನು ಎದೆಗೆ ಅಡ್ಡ ಕಟ್ಟಿಕೊಂಡು ನನ್ನನ್ನು ಬೆನ್ನ ಮೇಲೆ ಹೊತ್ತೆ. ನನ್ನ ಕೋವಿಯನ್ನೂ ನೀನೇ ತೆಗೆದುಕೋ, ನನ್ನ ಕೈಗಾದರೂ ಬಿಡುವಾಗಲಿ ಎಂದು ಗೋಗರೆದೆ. "ನಿನ್ನನ್ನ ನಾನು ಹೊರ್ತೀನಿ. ನಿನ್ ಕೋವೀನ ನೀನೇ ಹೊರ್ಬೇಕು. ಬಾಯ್ಮುಚ್ಕೊಂಡು ಹೆಗಲಿಗೆ ಹಾಕ್ಕೋ" ಎಂದು ಗದರಿದೆ. ಹೇಗೂ ಒಟ್ಟು ಭಾರವೆಲ್ಲ ನಿನ್ನ ಮೇಲೆಯೇ ಇತ್ತು. ಆದರೂ ಗುಡಿಸಲಿನ ಬಾಗಿಲಲ್ಲಿ ನಿಂತ ಹಿರಿಯರು ನೋಡಿದ್ದು, ತನ್ನ ಕೋವಿಯನ್ನು ತಾನೇ ಹೊತ್ತು ಬಂದ ಯೆರ್ನೇಯನನ್ನು. ನನ್ನನ್ನು ಯಾರೂ ಒಲೆಯ ಪಕ್ಕ ಕೂರಿಸಲಿಲ್ಲ. ಕಾಲಿಗೆ ಪಟ್ಟಿ ಕಟ್ಟಿ, ಆಲೂಗಡ್ಡೆ ಸುಲಿಯಲು ಹಚ್ಚಿದರು. ಆ ದಿನದಷ್ಟು ಖುಷಿಯಾಗಿ ನಾನು ಆಲೂಗಡ್ಡೆ ಸುಲಿದದ್ದೇ ಇಲ್ಲ.

ಹಾಗಾಗಿ ಪಾವ್ಲಾ ಕೇಳಿದಾಗ ಆಗುವುದಿಲ್ಲ ಎನ್ನಲು ನನ್ನಿಂದ ಆಗಲಿಲ್ಲ.

ಪ್ರತಿ ವರ್ಷ ಬೇಟೆಯ ಕಾಲ ಮುಗಿದ ಮೇಲೆ ನೀನು ಕೋವಿಯನ್ನು ಸ್ವಚ್ಛಮಾಡಲು ನನಗೆ ಕೊಡುತ್ತಿದ್ದೆಯಲ್ಲ, ಆಗೆಲ್ಲ ಒಂದಿಷ್ಟು ಕದ್ದೆ. ಮೊದಲ ವರ್ಷ ಹೆಗಲಿಗೆ ಒರಗುವ ಆಕ್ರೋಟ್ ಮರದ ಹಿಂಬದಿಯ ಕಬ್ಬಿಣದ ತಗಡನ್ನು ಬಿಚ್ಚಿ, ಒಳಗೆ ಎರಡು ಉದ್ದನೆಯ ತೂತು ಕೊರೆದು, ಮತ್ತೆ ಅದೇ ತಗಡನ್ನು ಅದೇ ಗೀರುಗಳ ಸಮೇತ ಮುಚ್ಚಿದೆ. ನೂರಮೂವತ್ತು ಗ್ರಾಂ. ಮುಂದಿನ ವರ್ಷ ಬೆರಳಿನಿಂದ ಎಳೆಯುವ ಕುದುರೆಯ ಸುತ್ತಲಿನ ಕಬ್ಬಿಣದ ಬಳೆಯನ್ನೂ ತೋಟಾಪೆಟ್ಟಿಗೆಯ ತಳವನ್ನೂ ತೆಗೆದು ಅಲ್ಯೂಮಿನಿಯಂನಲ್ಲಿ ಮಾಡಿ ಕೂರಿಸಿದೆ. ಕಪ್ಪು ಬಣ್ಣ ಹಚ್ಚಿ, ನಿನ್ನ ಬೆರಳು ಸವೆಸಿದ ಜಾಗದಲ್ಲಿ ನಾನೂ ಅರದಿಂದ ಸವೆಸಿದೆ. ಆ ಒಂದು ಬೆರಳಿನ ಗುರುತಿಗೆ ಇಡೀ ಮಧ್ಯಾಹ್ನ ಹಿಡಿಯಿತು. ನಳಿಗೆ ಮಲಗುವ ತೋಡಿನ ಒಳಗಿನಿಂದ ಮರ ಕೆತ್ತಿದೆ. ನಿನ್ನ ಅರವತ್ತಮೂರನೆಯ ಹುಟ್ಟುಹಬ್ಬಕ್ಕೆ ಪಾವ್ಲಾ ಕೊಟ್ಟ, ಕೋವಿಯ ಮೇಲೆ ಕೂರಿಸುವ ಹೊಸ ದುರ್ಬೀನು ನೆನಪಿದೆಯಾ? ನೋಟ ಚೆನ್ನಾಗಿದೆ ಎಂದು ನಾನು ಹೊಗಳಿದ್ದೇ ಹೊಗಳಿದ್ದು. ಅದನ್ನು ಆರಿಸಿದವನು ನಾನೇ, ನೋಟಕ್ಕಿಂತ ತಕ್ಕಡಿಯನ್ನು ನೋಡಿ. ಮರದ ಹೊರಮೈಯನ್ನು ಒಂದು ವರ್ಷ ಮೆಲ್ಲಗೆ ಹೆರೆದು ಮತ್ತೆ ಎಣ್ಣೆ ಕುಡಿಸಿದೆ. "ಇದೇನೋ, ಹಿಡಿತ ಒಂಥರಾ ಇದೆಯಲ್ಲ?" ಎಂದು ಕೇಳಿದೆ ನೀನು. ಹಳೇ ಮರ, ಒಣಗಿದೆ ಎಂದು ಹೇಳಿಬಿಟ್ಟೆ. ನೀನು ತಲೆಯಾಡಿಸಿ ಕೋವಿಯನ್ನು ಹೆಗಲಿಗೇರಿಸಿಕೊಂಡೆ. ನಾನು ಹೇಳಿದ್ದನ್ನು ನೀನು ಹಾಗೆ ನಂಬಿದಾಗೆಲ್ಲ ಮನಸ್ಸಿಗೆ ಕಸಿವಿಸಿಯಾಗುತ್ತಿತ್ತು.

ಆದರೆ ಸುಳ್ಳೇಕೆ, ಖುಷಿಯೂ ಆಗುತ್ತಿತ್ತು. ನೀನು ಬೆಟ್ಟದಿಂದ ಇಳಿದು ಅಂಗಡಿಗೆ ನುಗ್ಗಿ ಎದೆ ತಟ್ಟಿಕೊಳ್ಳುತ್ತಿದ್ದೆ. "ಡಾಕ್ಟರು ಅರ್ಧ ಎದೆ ಹೋಗಿದೆ ಅಂತಾನೆ. ಅರ್ಧ ಎದೇಲೇ ಹೋದ ವರ್ಷಕ್ಕಿಂತ ಆರಾಮಾಗಿ ಹತ್ತಿದೆ ಕಣೋ! ಪೂರ್ತಿ ಇದ್ದಿದ್ರೆ ಆ ಡಾಕ್ಟರನ್ನೂ ಹೊತ್ಕೊಂಡು ಹೋಗ್ತಿದ್ದೆ." ನಾನು ಅರವನ್ನು ಒರೆಸುತ್ತ ನಿನ್ನ ಜಂಬ ಕೇಳುತ್ತಿದ್ದೆ. ನಿನ್ನ ಉಸಿರು ವರ್ಷಕ್ಕೆ ಒಂದಿಷ್ಟು ಕಡಿಮೆಯಾಗುತ್ತಿತ್ತು, ನಾನು ಕೋವಿಯಿಂದ ಒಂದಿಷ್ಟು ತೆಗೆಯುತ್ತಿದ್ದೆ. ಹೀಗೇ ಸಾಗಿಸಿಕೊಂಡು ಹೋಗಬಹುದೆಂದು ನಾನು ನಿಜವಾಗಿ ನಂಬಿಬಿಟ್ಟಿದ್ದೆ.

ಹೋದ ಚಳಿಗಾಲದಲ್ಲಿ ತೆಗೆಯಲು ಇನ್ನೇನೂ ಉಳಿದಿರಲಿಲ್ಲ, ನಳಿಗೆಯ ಹೊರತು. ಆ ವರ್ಷ ನಿನಗೆ ನ್ಯುಮೋನಿಯಾ ಬೇರೆ ಆಗಿತ್ತು. ನಾನು ಹೆಚ್ಚು ಯೋಚಿಸಲಿಲ್ಲ. ನಳಿಗೆಯನ್ನು ಲೇತಿಗೆ ಕೂರಿಸಿ ಉದ್ದಕ್ಕೂ ಹೆರೆದೆ, ತುದಿಯಲ್ಲಿ ನಾಲ್ಕು ಬೆರಳಗಲ ಕತ್ತರಿಸಿದೆ. ಒಂದೇ ಏಟಿಗೆ ಮುನ್ನೂರಕ್ಕೂ ಹೆಚ್ಚು ಗ್ರಾಂ. ಒಟ್ಟು ಒಂದು ಕಿಲೋ ಆಯಿತೆಂದು ಬೀಗಿದೆ. ಗುರಿ ಮೈದಾನದಲ್ಲಿ ಮರಳಿನ ಚೀಲದ ಮೇಲಿಟ್ಟು ಹೊಡೆದೆ. ಗುಂಡುಗಳೆಲ್ಲ ಒಂದರ ಪಕ್ಕ ಒಂದು ಬಿದ್ದವು. ನಳಿಗೆ ಗಿಡ್ಡವಾಯಿತೆಂದು ನೀನು ಹುಬ್ಬೇರಿಸಿದಾಗ ತುದಿಗೆ ತುಕ್ಕು ಹಿಡಿದಿತ್ತು ಎಂದೆ. ಅದನ್ನೂ ನಂಬಿದೆ.

ಕೋವಿ ಹಗುರ ಮಾಡುವವನು ಕಲಿಯುವ ಮೊದಲ ಪಾಠ ಏನು ಗೊತ್ತಾ? ಹಿಂದಿನಿಂದ ತೆಗಿ, ನಡುವಿನಿಂದ ತೆಗಿ, ನಳಿಗೆಯ ಮೂತಿಯ ಹತ್ತಿರ ಮಾತ್ರ ಕೈ ಹಾಕುವ ಮುನ್ನ ಹತ್ತು ಸಲ ಯೋಚಿಸು. ಮೂತಿಯಲ್ಲಿ ಭಾರವಿದ್ದರೆ ಕೋವಿ ತೆಪ್ಪಗೆ ಕೂರುತ್ತದೆ. ಭಾರವಿಲ್ಲದ ಮೂತಿ ಪ್ರತಿ ಉಸಿರಿಗೂ ಅಲುಗುತ್ತದೆ. ನಾನು ಮರಳಿನ ಚೀಲದ ಮೇಲೆ ಇಟ್ಟು, ಕುರ್ಚಿಯಲ್ಲಿ ಕೂತು, ಆರಾಮಾಗಿ ಉಸಿರಾಡುತ್ತ ಹೊಡೆದು ನೋಡಿದ್ದೆ. ಬಿಳಿಗೋಡೆ ಹತ್ತಿ, ಏದುಸಿರು ಬಿಡುತ್ತ, ಬೆನ್ನುಚೀಲದ ಮೇಲೆ ಕೋವಿ ಒರಗಿಸಿ ಹೊಡೆಯುವ ಮನುಷ್ಯನ ಬಗ್ಗೆ ಯೋಚಿಸಲೇ ಇಲ್ಲ. ಯಾರಿಗಾಗಿ ಆ ಕೆಲಸ ಮಾಡುತ್ತಿದ್ದೆನೋ ಅವನನ್ನೇ ಮರೆತಿದ್ದೆ.

ಆ ದಿನ ನಾನು ನಿನ್ನ ಪಕ್ಕದಲ್ಲೇ ಮಲಗಿದ್ದೆ. ನನ್ನ ಕೈದುರ್ಬೀನಿನಲ್ಲಿ ಮೇಕೆಯನ್ನು ನೋಡುವ ಬದಲು ನಿನ್ನ ನಳಿಗೆಯ ತುದಿಯನ್ನು ನೋಡಿದೆ. ಅದು ಕುಣಿಯುತ್ತಿತ್ತು. ನಿಲ್ಲು ಎನ್ನಬೇಕೆಂದು ಬಾಯಿ ತೆರೆಯುವಷ್ಟರಲ್ಲಿ ನೀನು ಕುದುರೆ ಎಳೆದಾಗಿತ್ತು. ಕತ್ತಲಾಗುವವರೆಗೆ ರಕ್ತದ ಜಾಡು ಹಿಡಿದು ಹುಡುಕಿದೆವು. ಮರುದಿನ ಬೆಳಿಗ್ಗೆ ಸ್ರೆಚ್ಕೊನ ನಾಯಿ ಅದನ್ನು ಕುರುಚಲು ಪೈನ್ ಪೊದೆಯ ಕೆಳಗೆ ಪತ್ತೆಹಚ್ಚಿತು. ಅದಿನ್ನೂ ಬದುಕಿತ್ತು. ಸ್ರೆಚ್ಕೊ ಅದರ ನೋವು ಮುಗಿಸಿ, ಬಾಯಿಗೆ ಕೊನೆಯ ತುತ್ತೆಂದು ಹಸಿರು ಕಡ್ಡಿ ಇಟ್ಟು, ಅದರ ಇನ್ನೊಂದು ತುಂಡನ್ನು ಪದ್ಧತಿಯಂತೆ ನಿನ್ನ ಟೋಪಿಗೆ ಸಿಕ್ಕಿಸಲು ಕೊಟ್ಟ. ನೀನು ಕೈ ಹಿಂದೆ ಕಟ್ಟಿಕೊಂಡೆ. "ರಾತ್ರಿಯಿಡೀ ನರಳಿಸಿದವನ ಟೋಪಿಗೆ ಅದ್ಯಾಕಪ್ಪಾ" ಎಂದೆ. ಅಲ್ಲಿದ್ದವರೆಲ್ಲ ನೆಲ ನೋಡಿದರು. ನಾನೂ ನೆಲ ನೋಡಿದೆ ಲೋವ್ರೊ. ನಾನು ಮಾಡಿದ್ದರಲ್ಲಿ ಎಲ್ಲಕ್ಕಿಂತ ಹೇಸಿಗೆಯದು ನಳಿಗೆ ಹೆರೆದದ್ದಲ್ಲ, ಆ ನೆಲ ನೋಡಿದ್ದು.

ಇದು ಸಮಾಧಾನದ ಮಾತು ಎಂದುಕೊಳ್ಳಬೇಡ. ಪರೀಕ್ಷೆ ಮಾಡಿಯೇ ಬರೆಯುತ್ತಿದ್ದೇನೆ. ನಿನ್ನ ಕೋವಿ ಹಿಡಿದು ಗುರಿ ಮೈದಾನಕ್ಕೆ ಹೋದೆ. ಹಿಂದಿನ ಗುಡ್ಡವನ್ನು ಓಡಿ ಹತ್ತಿ, ಓಡಿ ಇಳಿದು, ನಾಲಿಗೆ ಹೊರಗೆ ಬಂದಿರುವಾಗಲೇ ಚೀಲದ ಮೇಲೆ ಒರಗಿಸಿ ಹೊಡೆದೆ. ಸ್ರೆಚ್ಕೊ ನೋಡಿಬಿಟ್ಟ. "ಏನಪ್ಪಾ ಯೆರ್ನೇಯ್, ಅರವತ್ಮೂರಕ್ಕೆ ಒಲಿಂಪಿಕ್ಸ್‌ಗೆ ಹೊರಟ್ಯಾ?" ಎಂದು ನಕ್ಕ. ಅವನಿಗೇನೂ ಹೇಳಲಿಲ್ಲ, ಮೊದಲು ನಿನಗೆ ತಿಳಿಯಬೇಕಿತ್ತು. ಐದು ಗುಂಡಿನಲ್ಲಿ ಎರಡು ಹಲಗೆಯನ್ನೇ ಮುಟ್ಟಲಿಲ್ಲ. ನನ್ನ ಕಣ್ಣು ಸರಿಯಿದೆ, ಎದೆಯೂ ಸರಿಯಿದೆ. ನನಗೇ ಹೀಗಾದರೆ ನೀನು ಮೇಕೆಗೆ ತಾಗಿಸಿದ್ದೇ ದೊಡ್ಡದು.

ಹೆರೆದ ಕಬ್ಬಿಣವನ್ನು ಮತ್ತೆ ಅಂಟಿಸಲು ಬರುವುದಿಲ್ಲ. ಬೇರೆ ನಳಿಗೆ ಹಾಕಿದ್ದೇನೆ, ಹಳೆಯದರಷ್ಟೇ ದಪ್ಪ, ಅಷ್ಟೇ ಉದ್ದ. ಪರವಾನಗಿ ಕಚೇರಿಗೆ ಹೋಗಿ ಅದರ ಕಾಗದಪತ್ರವನ್ನೂ ಸರಿಮಾಡಿಸಿದೆ. ಹಿಂದಿನ ಕಳ್ಳತನಗಳನ್ನು ಹಾಗೇ ಬಿಟ್ಟಿದ್ದೇನೆ, ಅವುಗಳಿಂದ ಕೇಡಿಲ್ಲ. ಈಗ ಕೋವಿ ಮೊದಲಿಗಿಂತ ಸುಮಾರು ಏಳುನೂರು ಗ್ರಾಂ ಹಗುರ, ಮೂತಿ ಮಾತ್ರ ಭಾರ. ಮತ್ತೆ ಗುಡ್ಡ ಓಡಿ ಹತ್ತಿ ಹೊಡೆದೆ. ಐದೂ ಗುಂಡಿನ ಗುರುತುಗಳು ನನ್ನ ಅಂಗೈಯಲ್ಲಿ ಮುಚ್ಚಿಹೋಗುತ್ತವೆ. ಆ ಹಲಗೆಗಳೆರಡೂ ಅಂಗಡಿಯಲ್ಲಿವೆ, ಬಂದು ನೋಡು.

ಆ ನಳಿಗೆ ಎಲ್ಲಿಂದ ಬಂತೆಂದು ನೀನು ಕೇಳುತ್ತೀ. ನಾವಿಬ್ಬರೂ ಒಂದೇ ವಾರ ಕೊಂಡ, ಒಂದೇ ಕಾರ್ಖಾನೆಯ, ಒಂದೇ ಅಳತೆಯ ಕೋವಿಗಳಲ್ಲವೇ? ನನ್ನದರಿಂದ ಬಿಚ್ಚಿದೆ. ನನ್ನ ಕೋವಿ ಈಗ ಬರೀ ಮರ ಮತ್ತು ಬೋಲ್ಟು. ಇದು ತ್ಯಾಗ ಎಂದು ತಿಳಿದು ಮೂಗೊರೆಸಿಕೊಳ್ಳಬೇಡ. ನಾನು ಆರು ವರ್ಷ ನಿನಗಾಗಿ ತೂಕ ಇಳಿಸಿದೆ ಎಂದು ಪಾವ್ಲಾ ಅಂದುಕೊಂಡಿದ್ದಾಳೆ, ನಾನೂ ಹಾಗೇ ಅಂದುಕೊಂಡಿದ್ದೆ. ನಿಜ ಬೇರೆ. ನೀನು ಮುಂದೆ ಹೋಗದಿದ್ದರೆ ಆ ಬೆಟ್ಟವನ್ನು ಹೇಗೆ ಹತ್ತಬೇಕೆಂದೇ ನನಗೆ ಗೊತ್ತಿಲ್ಲ. ನೀನು ಒಲೆಯ ಪಕ್ಕ ಕೂತ ದಿನ ಬಾಗಿಲಾಚೆ ಒಬ್ಬನೇ ನಿಲ್ಲಬೇಕಾಗುತ್ತದೆಂಬ ಹೆದರಿಕೆಗೆ ನಾನು ಇದನ್ನೆಲ್ಲ ಮಾಡಿದೆ.

ಭಾನುವಾರ ನೀನು ಜೇಬಿಗೆ ಕೈ ಹಾಕುವ ಮೊದಲು ನಾನು ಏಳುತ್ತೇನೆ. ಗ್ರಾಂ ಗ್ರಾಂ ಲೆಕ್ಕ ಸಮೇತ ಎಲ್ಲವನ್ನೂ ಎಲ್ಲರ ಮುಂದೆ ಹೇಳುತ್ತೇನೆ. ಆ ಮೇಕೆಯ ರಾತ್ರಿ ನನ್ನ ತಲೆಗೆ ಬರಲಿ, ಕೂಟ ಏನು ಶಿಕ್ಷೆ ಹಾಕಿದರೂ ನನಗೇ ಹಾಕಲಿ. ಲೋವ್ರೊನ ಕೋವಿಯನ್ನು ಹಗುರ ಮಾಡಿದ್ದರು ಎಂದು ಊರು ನಗಬಹುದು, ನಿನಗೆ ಅವಮಾನವೂ ಆಗಬಹುದು. ಅದಕ್ಕೇ ಮೊದಲೇ ತಿಳಿಸುತ್ತಿದ್ದೇನೆ, ತಡೆಯಬೇಕೆಂದರೆ ಶನಿವಾರ ಸಂಜೆಯೊಳಗೆ ಬಂದು ತಡಿ. ಆಮೇಲೂ ಕಾರ್ಡು ಕೊಡಲೇಬೇಕೆನಿಸಿದರೆ ಕೊಡು. ಉಸಿರು ಸಾಲದು ಎಂದು ಕೊಡು, ಬೆಟ್ಟ ಸಾಕಾಯಿತು ಎಂದು ಕೊಡು. ಕೈ ನಡುಗಿತು ಎಂದು ಮಾತ್ರ ಕೊಡಬೇಡ. ಯಾಕೆಂದರೆ ನಡುಗಿದ್ದು ನಿನ್ನ ಕೈಯಲ್ಲ.

ಕೊಡದಿದ್ದರೆ, ಡಿಸೆಂಬರ್ ಮುಗಿಯುವುದರೊಳಗೆ ಮೇಲೆ ಹೋಗೋಣ. ಇಬ್ಬರಿಗೂ ಸೇರಿ ಈಗ ಒಂದೇ ಕೋವಿ, ಅದು ನಿನ್ನ ಹೆಗಲ ಮೇಲೆ. ನೀನು ಎಷ್ಟು ಸಲ ನಿಂತರೂ ನಾನೂ ನಿಲ್ಲುತ್ತೇನೆ. ಬರಿಗೈಯಲ್ಲಿ ನಿನ್ನ ಹಿಂದೆ ಬರಲು ನನಗೆ ನಾಚಿಕೆಯಿಲ್ಲ.

ನಿನ್ನ ಎದೆಗೆ ಈ ಚಳಿಗಾಲ ಸಲೀಸಾಗಿರಲಿ, ಪಾವ್ಲಾಳ ಮೇಲೆ ಸಿಟ್ಟು ಬಾರದಿರಲಿ. ನಮ್ಮ ಬೇಟೆಗಾರರು ದಾರಿಯಲ್ಲಿ ಎದುರಾದಾಗ ಹರಸುವ ಹಾಗೆ, ಕಣ್ಣಿಗೆ ಒಳ್ಳೆಯ ನೋಟ ಸಿಗಲಿ ಗೆಳೆಯಾ.

ಬೈಸಿಕೊಳ್ಳಲು ಅಂಗಡಿಯ ಬಾಗಿಲು ತೆರೆದಿಟ್ಟು ಕೂತಿರುವ,
ನಿನ್ನ ಯೆರ್ನೇಯ್