ಸಾತಾರದಲ್ಲಿ ಚಹಾ

ಅಪ್ಪಾ,

ಆಫೀಸಿಗೆ ಹೊರಟೆ. ಗಾಡಿಯ ಕೀ ಟಿವಿ ಪಕ್ಕದಲ್ಲಿದೆ. ಟಯರಿಗೆ ಗಾಳಿ ಹಾಕಿಸಿ, ಸ್ಟೆಪ್ನಿಗೂ.

ಊರಿಗೆ, ಉಡುಪಿಗೆ, ಹೋಗುವ ಎರಡೂ ದಾರಿಗಳನ್ನು ಮ್ಯಾಪಿನಲ್ಲಿ ಮತ್ತೆ ನೋಡಿದೆ. ಕೊಂಕಣದ ದಾರಿ ಹತ್ತಿರ, ತಿರುವುಗಳು ಜಾಸ್ತಿ. ಸಾತಾರ, ಕೊಲ್ಹಾಪುರದ ದಾರಿ ದೂರ, ಆದರೆ ಅಗಲ. ಇಷ್ಟೇ ಆಗಿದ್ದರೆ ಆ ದಾರಿಯೇ ಆಗಬೇಕೆಂಬ ನಿಮ್ಮ ಹಟ ಅರ್ಥವಾಗುತ್ತಿತ್ತು. ಆದರೆ ನಿನ್ನೆ, "ಸಾತಾರದಲ್ಲಿ ನಮ್ಮ ದೂಜಣ್ಣನ ಹೋಟೆಲಲ್ಲಿ ಚಾ ಕುಡ್ದು ನಿಧಾನ ಹೋಗುವಾ ಮಾರಾಯ್ತಿ" ಎಂದಿರಿ. ಜೀವಮಾನವಿಡೀ ಹೋಟೆಲು ನಡೆಸಿ, ಬೇರೆಯವರ ಹೋಟೆಲಿನ ಚಹಾ ಮುಟ್ಟದೆ, ಹೋದಲ್ಲೆಲ್ಲ ಫ್ಲಾಸ್ಕ್ ಹೊತ್ತು ತಿರುಗುವವರು ನೀವು!

ಅಮ್ಮನನ್ನು ಕೇಳಿದೆ. "ನಂಗೆಂತ ಗೊತ್ತುಂಟು? ಹೊರಡುವಾಗ ಆ ಹಸುರು ರೇಷ್ಮೆ ಸೀರೆ ಉಟ್ಕೋ" ಎಂದಳು. ಅಷ್ಟು ದೂರ ಗಾಡಿ ಓಡಿಸುವವಳಿಗೆ ರೇಷ್ಮೆ ಸೀರೆ! ದೂಜ ಮಾಮನಿಗೆ ಮದುವೆಯಾಗದ ಮಗನಿದ್ದಾನೆ, ಅಲ್ಲವೇ?

ಮೊದಲು ಸಿಟ್ಟು ಬಂತು. ಆಮೇಲೆ ಅವನ ಬಗ್ಗೆಯೇ ಯೋಚನೆ ಹತ್ತಿತು. ನಾವು ಬರುವುದು ಯಾಕೆಂದು ಅವನಿಗಾದರೂ ಹೇಳಿದ್ದೀರಾ? ಅಥವಾ ಅವನೂ ಏನೂ ತಿಳಿಯದೆ, ಇಸ್ತ್ರಿ ಮಾಡಿದ ಅಂಗಿ ಹಾಕಿಸಿಕೊಂಡು ಗಲ್ಲಾದಲ್ಲಿ ಕೂತಿರುತ್ತಾನಾ? ಅವನ ಮುಖ ನೋಡಬೇಕು ಅನಿಸುತ್ತಿದೆ, ನಿಮ್ಮಾಣೆ.

ಹೋಗುವಾಗ ನಿಮ್ಮ ದಾರಿ, ಬರುವಾಗ ನನ್ನ ಕೊಂಕಣ. ನಾನು ಜೀನ್ಸ್‌ನಲ್ಲೇ ಬರುವುದು. ಇವತ್ತೇ ಫೋನ್ ಮಾಡಿ ಆ ಹುಡುಗನಿಗೆ ವಿಷಯ ಹೇಳಿ, ಇಷ್ಟ ಉಂಟಾ ಎಂದು ಕೇಳಿ. ನನ್ನನ್ನಂತೂ ನೀವು ಕೇಳಲಿಲ್ಲ.

ಫ್ಲಾಸ್ಕ್ ತೊಳೆದು ಕವುಚಿಟ್ಟಿದ್ದೇನೆ. ಅವನು ಬೇಡವೆಂದರೆ ಸಾತಾರದಲ್ಲಿ ನಿಲ್ಲುವುದು ಬೇಡ, ನಮ್ಮ ಚಹಾ ನಾವೇ ಕುಡಿಯುತ್ತ ಹೋಗೋಣ.

ಹರಿಣಿ