ಯಶವಂತ್‌ಗೆ ತಲುಪದ ಮೇಲ್

ಹೈಡೆಲ್‌ಬರ್ಗ್
ಜೂನ್ ೧೧, ಬುಧವಾರ

ಆ ಮೇಲ್ ಇನ್ನೂ ತಲೆಯಲ್ಲೇ ಕೂತಿದೆ. ಸಂಜೆ ಆಫೀಸಿನಿಂದ ಏಳುವ ಮುಂಚೆ ಬೆಂಗಳೂರಿನ ಟೀಮಿನ ಯಶವಂತ್‌ಗೆ ಒಂದು ಕೆಲಸ ಕಳಿಸಲು ಹೋದೆ. ಹೊಸ ಸಾಫ್ಟ್‌ವೇರ್ ತಡೆಯಿತು. ‘ಅವರ ಊರಿನಲ್ಲಿ ಈಗ ರಾತ್ರಿ. ನಿಮ್ಮ ಮೇಲ್ ನಾಳೆ ಬೆಳಿಗ್ಗೆ ತಲುಪುತ್ತದೆ.’ ಈಗಲೇ ಕಳಿಸುವ ಬಟನ್ ಹುಡುಕಿದೆ. ಇರಲಿಲ್ಲ.

ಇಲ್ಲಿಯವರು ‘ಫೈಯರ್‌ಆಬೆಂಡ್’ ಎಂದು ಹೇಳಿ ಕೆಲಸ ಮುಗಿಸಿ ಎದ್ದುಹೋಗುವುದು ನನಗೆ ಹೊಸದಲ್ಲ. ಆದರೆ ನಮ್ಮೂರಿನ ರಾತ್ರಿಯನ್ನೂ ಲೆಕ್ಕಕ್ಕೆ ತೆಗೆದುಕೊಂಡಿದ್ದಾರಲ್ಲ. ಬೆಂಗಳೂರಿನಲ್ಲಿ ದುಡಿದಷ್ಟು ವರ್ಷವೂ ಊಟದ ತಟ್ಟೆಯ ಪಕ್ಕ ಲ್ಯಾಪ್‌ಟಾಪ್ ತೆರೆದಿಟ್ಟುಕೊಂಡೇ ಉಂಡವಳು ನಾನು. ನಿಮ್ಮಲ್ಲಿ ಈಗ ಎಷ್ಟು ಗಂಟೆ ಎಂದು ಜರ್ಮನಿಯ ಈ ಕಡೆಯಿಂದ ಒಬ್ಬರೂ ಕೇಳಿರಲಿಲ್ಲ. ಇವತ್ತು ಒಂದು ಯಂತ್ರಕ್ಕೆ ಅದು ಗೊತ್ತಿತ್ತು. ದೊಡ್ಡದೇನನ್ನೋ ಕಂಡವಳ ಹಾಗೆ ಪರದೆಯನ್ನೇ ನೋಡುತ್ತ ಕೂತುಬಿಟ್ಟೆ.

ಬಸ್ಸಿನಲ್ಲಿ ಬರುವಾಗ ಯಶವಂತ್ ಅವರದೇ ಫೋನ್.

“ಶಿರೀನ್ ಮೇಡಂ, ನಿಮ್ ಮೇಲ್ ಬರ್ಲೇ ಇಲ್ವಲ್ಲ. ಕಾಯ್ತಾ ಕೂತಿದೀನಿ.”

“ಇನ್ಮೇಲೆ ರಾತ್ರಿ ಬರಲ್ಲ ಯಶವಂತ್. ಸಿಸ್ಟಮ್ಮೇ ಬಿಡಲ್ಲ. ಬೆಳಿಗ್ಗೆ ನೋಡಿದ್ರೆ ಸಾಕು.”



“ನನ್ನಿಂದ ಏನಾದ್ರೂ ತಪ್ಪಾಯ್ತಾ ಮೇಡಂ?”

ಏನೂ ಇಲ್ಲ, ಎಲ್ಲರಿಗೂ ಹೀಗೇ ಮಾಡಿದ್ದಾರೆ ಎಂದೆ. ಮತ್ತೆ ಮತ್ತೆ ಹೇಳಬೇಕಾಯಿತು. ಕೊನೆಗೆ ಲ್ಯಾಪ್‌ಟಾಪ್ ಮುಚ್ಚಿದ ಸದ್ದು ನನ್ನವರೆಗೂ ಬಂತು. ಅದರ ಹಿಂದೆಯೇ ಅವರ ಪುಟ್ಟ ಮಗಳ ದನಿ:

“ಅಪ್ಪಾ, ಇವತ್ತು ಭಾನುವಾರನಾ?”